ನೆರಿಗೆಯಿಲ್ಲದ ಹೆಲಿಕಾಪ್ಟರು

ಮದುವೆಯಾದ ಹೊಸತರಲ್ಲಿ ಗಂಡಸರು ಕೊಡುವ ಮಾತುಗಳಲ್ಲಿ ಮುಕ್ಕಾಲು ಪಾಲು ಮರೆತುಹೋಗುವಂಥವು. ಕೊಟ್ಟವನು ನಿಜವಾಗಿಯೂ ಮರೆಯುತ್ತಾನೆ. ಕೊಡಿಸಿಕೊಂಡವಳು ಮರೆತವಳ ಹಾಗೆ ಇದ್ದುಬಿಡುತ್ತಾಳೆ. ಸಂಸಾರಗಳು ಸಾಗುವುದೇ ಹೀಗೆ. ಆದರೆ ಪರದೆ ಹೊಲಿಯುವವನು ತನ್ನ ಹೆಂಡತಿಗೆ ಕೊಟ್ಟ ಮಾತು ಆ ಜಾತಿಯದಾಗಿರಲಿಲ್ಲ. ಅದು ಹೆಲಿಕಾಪ್ಟರಿಗೆ ಸಂಬಂಧಪಟ್ಟದ್ದು.

ಆಗ ಅವನ ಹತ್ತಿರ ಅಂಗೈಯಷ್ಟಗಲದ ಒಂದು ರಿಮೋಟ್ ಹೆಲಿಕಾಪ್ಟರ್ ಇತ್ತು. ಯಾವುದೋ ಹೋಟೆಲಿನ ಕಿಟಕಿಗಳಿಗೆಲ್ಲ ಪರದೆ ಹಾಕಿಕೊಟ್ಟಾಗ ಮಾಲೀಕ ಖುಷಿಯಾಗಿ ಕೊಟ್ಟದ್ದು. ಸಂಜೆ ಮನೆಗೆ ಬಂದವನು ಕೈಕಾಲು ತೊಳೆಯುವ ಮೊದಲೇ ಅದನ್ನು ಬೀರುವಿನ ಮೇಲಿಂದ ಇಳಿಸಿ, ನಡುಮನೆಯಲ್ಲಿ ನಾಲ್ಕು ಸುತ್ತು ಹಾರಿಸಿ, ಬಟ್ಟೆಯಿಂದ ಒರೆಸಿ, ಮತ್ತೆ ಬೀರುವಿನ ಮೇಲಿಡುತ್ತಿದ್ದ. ಹೊಸ ಹೆಂಡತಿ ಇದನ್ನು ಬಾಗಿಲಿಗೊರಗಿ ನಿಂತು ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು.

"ನನಗೂ ಒಂದ್ಸಲ ಕೊಡ್ರೀ."

"ಅಯ್ಯೋ, ಇದು ಬಹಳ ನಾಜೂಕು ಕಣೇ. ಕೈ ಕುದುರಿರಬೇಕು," ಎಂದ ಅವನು, ತನ್ನ ಕೈ ಹುಟ್ಟಿದಾಗಲೇ ಕುದುರಿತ್ತು ಎಂಬ ಧಾಟಿಯಲ್ಲಿ. ಅವಳ ಮುಖ ಸಣ್ಣಗಾಯಿತು. ಹೊಸ ಗಂಡ, ಕರುಳು ಚುರುಕ್ಕೆಂದಿತು. "ಒಂದು ಕೆಲಸ ಮಾಡೋಣ. ಮುಂದಿನದು ತಗೊಳ್ತೀನಲ್ಲ, ಅದನ್ನ ಎಲ್ಲರಿಗಿಂತ ಮೊದಲು ನೀನೇ ಹಾರಿಸು. ಅಲ್ಲಿವರೆಗೂ ಅದನ್ನ ಯಾರೂ ಹಾರಿಸೋ ಹಾಗಿಲ್ಲ, ನಾನೂ ಸೇರಿ. ಮಾತು ಕೊಟ್ಟೆ, ಹೋಗು."

ಮರುದಿನ ಸಂಜೆಯೇ ಆ ಹೆಲಿಕಾಪ್ಟರ್ ತೆರೆದ ಕಿಟಕಿಯಿಂದ ಆಚೆ ಹೋಗಿ, ಕೆಳಗೆ ಹಾದುಹೋಗುತ್ತಿದ್ದ ಕಸದ ಲಾರಿಯ ಮೇಲೆ ಬಹಳ ಅಚ್ಚುಕಟ್ಟಾಗಿ ಇಳಿಯಿತು. ಅವನು ಇಷ್ಟು ಚೆನ್ನಾಗಿ ಅದನ್ನು ಇಳಿಸಿದ್ದು ಅದೊಂದೇ ಸಲ. ಲಾರಿ ನಿಲ್ಲಲಿಲ್ಲ. ಊರೂರಿಗೆಲ್ಲ ಕಿಟಕಿ ಮುಚ್ಚಿಕೊಡುವವನ ಮನೆಯಲ್ಲಿ ಕಿಟಕಿಗೆ ಪರದೆಯೇ ಇರಲಿಲ್ಲ ಎಂಬುದನ್ನು ಹೆಂಡತಿ ಆ ಹೊತ್ತಿನಲ್ಲಿ ಎತ್ತಿ ಆಡಲಿಲ್ಲ. ಅವಳು ಕೇಳಿದ್ದು ಒಂದೇ.

"ಮುಂದಿನದು ಯಾವಾಗ?"

ಮುಂದಿನದು ಮುಂದಿನ ತಿಂಗಳಾಯಿತು, ಮುಂದಿನ ವರ್ಷವಾಯಿತು. ಮಗಳು ಹುಟ್ಟಿದಳು. ಮಕ್ಕಳಾದ ಮನೆಯಲ್ಲಿ 'ಮುಂದಿನದು' ಎಂಬ ಪದ ಹೇಗೆ ಸವೆಯುತ್ತದೆಂಬುದು ಮಕ್ಕಳಾದವರಿಗೆಲ್ಲ ಗೊತ್ತು. ಹೊಲಿಗೆ ಯಂತ್ರ ಕೆಟ್ಟಿತು, ಮಗಳ ಹಲ್ಲು ಹುಳುಕಾಯಿತು, ಅಡುಗೆಮನೆಯ ಗೋಡೆ ಒದ್ದೆಯಾಯಿತು. ಹೆಂಡತಿಗೆ ನೀರಿನ ಬಿಲ್ ಕಟ್ಟಿಸಿಕೊಳ್ಳುವ ಕಚೇರಿಯಲ್ಲಿ ಕೆಲಸ. ಗಾಜಿನ ಹಿಂದೆ ಕುಳಿತು, ದಿನವಿಡೀ ಸಾಲಿನಲ್ಲಿರುವವರನ್ನು "ಮುಂದಿನವರು" ಎಂದು ಕರೆಯುವುದು ಅವಳ ವೃತ್ತಿ. ಎಷ್ಟು ಜನರ ಸರದಿ ಬಂದರೂ ತನ್ನ ಸರದಿ ಬರಲಿಲ್ಲವೆಂದು ಅವಳು ಗೊಣಗಿದವಳಲ್ಲ. ವರ್ಷಕ್ಕೊಮ್ಮೆಯೋ ಎರಡು ಸಲವೋ, ಅವನು ಊಟಕ್ಕೆ ಕುಳಿತಾಗ, ಬೇರೇನನ್ನೋ ಬಡಿಸುತ್ತ, "ಮುಂದಿನದು?" ಎನ್ನುತ್ತಿದ್ದಳು. ಅವನು ನೀರು ಕುಡಿಯುತ್ತಿದ್ದ.

ಇಲ್ಲಿ ಈ ಮನುಷ್ಯನ ಒಂದು ಅಭ್ಯಾಸವನ್ನು ಹೇಳದೆ ಮುಂದೆ ಹೋದರೆ ಓದುವವರು ಆಮೇಲೆ ಜಗಳಕ್ಕೆ ಬರುತ್ತಾರೆ. ಕತ್ತಿಗೆ ಸದಾ ಅಳತೆಯ ಟೇಪು ಹಾಕಿಕೊಂಡಿರುತ್ತಿದ್ದುದರಿಂದ ಇಡೀ ಕಟ್ಟಡದಲ್ಲಿ ಅವನನ್ನು ಟೇಪು ಎಂದೇ ಕರೆಯುತ್ತಿದ್ದರು. ಪರದೆಯ ಕೆಲಸದಲ್ಲಿ ಒಂದು ನಿಯಮವಿದೆ: ಕಿಟಕಿ ಎಷ್ಟು ಅಗಲವೋ ಬಟ್ಟೆ ಅದರ ಎರಡರಷ್ಟು ಬೇಕು. ಮಿಕ್ಕ ಅರ್ಧ ನೆರಿಗೆಗೆ ಹೋಗುತ್ತದೆ. ಬೇಕಾದದ್ದು ಒಂದಾದರೆ ತರುವುದು ಎರಡು. ಈ ನಿಯಮ ಟೇಪುವಿನ ಅಂಗಡಿಯಲ್ಲೇ ಇದ್ದಿದ್ದರೆ ತೊಂದರೆಯಿರಲಿಲ್ಲ. ಅದು ಅವನ ಜೊತೆ ಮನೆಗೂ ಬರುತ್ತಿತ್ತು. ನಾಲ್ಕು ಅಡಿಯ ಗೋಡೆಗೆ ಹಲಗೆ ತನ್ನಿ ಎಂದರೆ ಎಂಟು ಅಡಿಯದು ತಂದು ನಿಲ್ಲಿಸಿ, ಯಾಕೆ ಕೂರುತ್ತಿಲ್ಲ ಎಂದು ಗೋಡೆಯನ್ನು ದಿಟ್ಟಿಸುತ್ತಿದ್ದ. ಒಮ್ಮೆ ಮಗಳಿಗೆ ಶಾಲೆಯ ಬೂಟು ತರಲು, ಅವಳ ಪಾದವನ್ನು ಸರಿಯಾಗಿಯೇ ಅಳೆದುಕೊಂಡು ಹೋಗಿ ಅವನು ತಂದ ಬೂಟನ್ನು ಕೊನೆಗೆ ಭಾವಮೈದುನ ಹಾಕಿಕೊಂಡ. ಅಳತೆ ತಪ್ಪಿತೆಂದು ಯಾರೂ ಹೇಳುವಂತಿರಲಿಲ್ಲ. ಅಳತೆ ಯಾವತ್ತೂ ಸರಿಯೇ. ತಪ್ಪುತ್ತಿದ್ದುದು ಅದರ ನಂತರ.

ಹೀಗಿರುವಾಗ ಒಂದು ದಿನ ಆಟದ ವಿಮಾನಗಳ ಅಂಗಡಿಯವನೊಬ್ಬ ಟೇಪುವಿನ ಅಂಗಡಿಗೆ ಬಂದ. ಅವನ ಅಂಗಡಿಯ ಗಾಜಿಗೆ ಮಧ್ಯಾಹ್ನದ ಬಿಸಿಲು ಹೊಡೆದು, ಒಳಗಿಟ್ಟ ಡಬ್ಬಗಳ ಬಣ್ಣವೆಲ್ಲ ಹೋಗಿ, ಕೆಂಪು ವಿಮಾನಗಳು ಕಾಯಿಲೆ ಬಿದ್ದವರ ಹಾಗೆ ಕಾಣುತ್ತಿದ್ದವಂತೆ.

"ದಪ್ಪ ಪರದೆ ಬೇಕು. ಆದ್ರೆ ಕೈಯಲ್ಲಿ ಕಾಸಿಲ್ಲ ನೋಡಿ ಈಗ," ಎಂದ ಅಂಗಡಿಯವನು ಮುಚ್ಚುಮರೆಯಿಲ್ಲದೆ. "ಬದಲಿಗೆ ಒಂದು ವಿಮಾನ ತಗೊಂಡುಬಿಡಿ."

"ಹೆಲಿಕಾಪ್ಟರ್ ಇದೆಯಾ?"

ಟೇಪುವಿನ ದನಿ ಅಷ್ಟು ಮೆತ್ತಗೆ ಬಂದದ್ದನ್ನು ಅವನ ಹೊಲಿಗೆ ಯಂತ್ರ ಕೂಡ ಕೇಳಿರಲಿಲ್ಲ.

"ಏನ್ ಸ್ವಾಮಿ ಹಾಗೆ ಕೇಳ್ತೀರಿ! ಸೊಳ್ಳೆಯಷ್ಟರಿಂದ ಹಿಡಿದು ನಿಮ್ಮನ್ನೇ ಎತ್ಕೊಂಡು ಹೋಗೋವರೆಗೂ ಇದೆ. ಯಾವ ಸೈಜು ಅಂತ ಯೋಚನೆ ಮಾಡಿ ಫೋನ್ ಮಾಡಿ. ಒಂದು ಸಂಖ್ಯೆ ಹೇಳಿದ್ರೆ ಸಾಕು. ಸಂಖ್ಯೆ ಅಂದ್ರೆ ರೆಕ್ಕೆಯ ಅಳತೆ, ಮಿಲಿಮೀಟರ್‌ನಲ್ಲಿ."

ಸುದ್ದಿ ಟೇಪುವಿಗಿಂತ ಮೊದಲೇ ಮನೆ ತಲುಪಿತು. ಅದು ಹೇಗೆಂದು ಯಾರಿಗೂ ತಿಳಿಯದು. ಆ ಕಟ್ಟಡದಲ್ಲಿ ನೀರು ಮೇಲಕ್ಕೆ ಹತ್ತಲು ಪಂಪು ಬೇಕಿತ್ತು, ಸುದ್ದಿಗೆ ಬೇಕಿರಲಿಲ್ಲ. ಅವನು ಚಪ್ಪಲಿ ಬಿಡುವಷ್ಟರಲ್ಲಿ ನಡುಮನೆಯಲ್ಲಿ ಇಬ್ಬರು ಕುಳಿತಿದ್ದರು. ಒಬ್ಬರು ಕಟ್ಟಡದ ಸಂಘದ ಕಾರ್ಯದರ್ಶಿಗಳು. ನಿವೃತ್ತರಾದ ಮೇಲೆ ಅವರು ಮಾತನಾಡುವುದನ್ನು ಬಿಟ್ಟು ಪ್ರಕಟಣೆ ಹೊರಡಿಸಲು ಶುರುಮಾಡಿದ್ದರು. ಇನ್ನೊಬ್ಬನು ಭಾವಮೈದುನ, ಹೆಂಡತಿಯ ತಮ್ಮ. ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ಸೋಫಾದಲ್ಲಿ ಕುಳಿತಾಗಲೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಆಗಾಗ ಒತ್ತುತ್ತಿತ್ತು.

"ಎಲ್ಲರ ಗಮನಕ್ಕೆ," ಎಂದರು ಕಾರ್ಯದರ್ಶಿಗಳು, ಕೋಣೆಯಲ್ಲಿದ್ದ ಮಿಕ್ಕ ಮೂವರ ಗಮನಕ್ಕೆ. "ಹೆಲಿಕಾಪ್ಟರ್ ಬರೋದು ಒಳ್ಳೇದೇ. ಆದ್ರೆ ದೊಡ್ಡದು ತಗೊಳ್ರೀ ಟೇಪು. ಮೇಲಿನ ನೀರಿನ ತೊಟ್ಟಿಯ ಮುಚ್ಚಳ ಸರಿಯಾಗಿದೆಯೋ ಇಲ್ಲವೋ ಅಂತ ಹತ್ತಿ ನೋಡೋಕೆ ನನ್ನ ಮಂಡಿ ಬಿಡಲ್ಲ. ಅದು ಹೋಗಿ ನೋಡ್ಕೊಂಡು ಬರಲಿ."

"ಅದಕ್ಕೆ ಕಣ್ಣಿಲ್ಲ ಸಾರ್," ಎಂದಳು ಪುಸ್ತಕ ಹಿಡಿದು ಮೂಲೆಯಲ್ಲಿದ್ದ ಮಗಳು.

"ದೊಡ್ಡದಕ್ಕೆ ಇರುತ್ತೆ," ಎಂದು ಕಾರ್ಯದರ್ಶಿಗಳು ತೀರ್ಪು ಕೊಟ್ಟರು.

ಭಾವಮೈದುನನದು ಇನ್ನೂ ಶಾಸ್ತ್ರೀಯವಾದ ವಾದ. "ಭಾವ, ನನ್ನ ಅನುಭವದ ಮಾತು ಕೇಳಿ. ಕಲಿಯೋರು ಯಾವಾಗಲೂ ಭಾರೀ ಗಾಡೀಲೇ ಕಲೀಬೇಕು. ಸಣ್ಣದರಲ್ಲಿ ಕಲಿತವನು ಲಾರಿ ಕಂಡ್ರೆ ನಡುಗ್ತಾನೆ. ಲಾರೀಲಿ ಕಲಿತವನು ಏನು ಕೊಟ್ರೂ ಓಡಿಸ್ತಾನೆ. ನೀವು ತಗೊಳ್ಳಿ ದೊಡ್ಡದು, ಓಡಿಸೋದು ನನಗೆ ಬಿಡಿ."

"ಹಾರಿಸೋದು," ಎಂದಳು ಮಗಳು.

"ಎಲ್ಲಾ ಒಂದೇ ಕಣಮ್ಮಾ. ಕ್ಲಚ್ಚು, ಗೇರು, ಬ್ರೇಕು."

ಅಷ್ಟು ಹೊತ್ತಿಗೆ ಹೆಂಡತಿ ಕಚೇರಿಯಿಂದ ಬಂದಳು. ಚೀಲವನ್ನು ಮೊಳೆಗೆ ನೇತುಹಾಕಿ, ಎಲ್ಲರ ಮುಖ ನೋಡಿ, ವಿಷಯ ತಿಳಿದುಕೊಂಡಳು. ಯಾವ ಸೈಜು ಬೇಕೆಂದು ಅವಳನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ತಾನೇ ಹೇಳಿದಳು.

"ತೀರಾ ಸಣ್ಣದು ಬೇಡ, ನನಗೆ ಕನ್ನಡಕ ಇಲ್ಲದೆ ಕಾಣಲ್ಲ. ತೀರಾ ದೊಡ್ಡದೂ ಬೇಡ, ಹೆದರಿಕೆ ಆಗುತ್ತೆ." ಬಲಗೈಯನ್ನು ಮುಷ್ಟಿ ಮಾಡಿ, ಮೊಣಕೈ ಮುಟ್ಟಿ ತೋರಿಸಿದಳು. "ಇಲ್ಲಿಂದ ಇಲ್ಲೀವರೆಗೆ. ಇಷ್ಟಿದ್ರೆ ಸಾಕು ರೀ. ಮಗೂನ ಎತ್ಕೊಂಡ ಹಾಗೆ ಎತ್ಕೋಬಹುದು."

ಭಾವಮೈದುನ ನಕ್ಕ. "ಅಕ್ಕ, ಅದೇನು ಬದನೆಕಾಯಾ?"

"ನಾನು ಮೊದಲು ಹಾರಿಸೋದು. ನನ್ನ ಕೈಯಳತೆ."

ಟೇಪು ಕತ್ತಿನಿಂದ ಟೇಪು ತೆಗೆದು, ಹೆಂಡತಿಯ ಮೊಣಕೈಯಿಂದ ಮುಷ್ಟಿಯವರೆಗೆ, ದೊಡ್ಡ ಹೋಟೆಲಿನ ಕಿಟಕಿ ಅಳೆಯುವಾಗ ತೋರುವ ಗೌರವದಿಂದ ಅಳೆದ. ಮುನ್ನೂರೈವತ್ತು ಮಿಲಿಮೀಟರ್. ಎರಡು ಸಲ ಅಳೆದ. ಎರಡು ಸಲವೂ ಮುನ್ನೂರೈವತ್ತೇ. ಅಳತೆ ಯಾವತ್ತೂ ಸರಿಯೇ.

ಮರುದಿನ ಅಂಗಡಿಯಿಂದ ಫೋನ್ ಮಾಡಿ, ಚೀಟಿಯಲ್ಲಿ ಬರೆದಿಟ್ಟಿದ್ದ ಮುನ್ನೂರೈವತ್ತನ್ನು ನೋಡುತ್ತ, ಬಾಯಿಗೆ ಮೂವತ್ತು ವರ್ಷಗಳಿಂದ ರೂಢಿಯಾದ ಹಾಗೆ ಹೇಳಿದ: "ಏಳುನೂರು."

"ಏಳುನೂರಾ?" ಎಂದ ಅಂಗಡಿಯವನು. "ಏಳುನೂರೇನಾ?"

"ಏಳುನೂರೇ."

"ಮನೇಲಿ ಯಾರು ಹಾರಿಸ್ತಾರೆ?"

"ನಮ್ಮ ಮನೆಯವಳು."

ಈ ಸಲ ಅಂಗಡಿಯವನ ದನಿಯಲ್ಲಿ ಭಕ್ತಿ ಬೆರೆತಿತ್ತು. "ಹಾಗಾದ್ರೆ ಒಂದು ಮಾತು ಸ್ವಾಮಿ. ಅಂಗಡಿ ಪರದೆಗೆ ಏಳುನೂರು ಗಿಟ್ಟಲ್ಲ. ನಮ್ಮ ಮನೆ ಕಿಟಕಿಗಳನ್ನೂ ಸೇರಿಸ್ಕೊಳ್ಳಿ."

ಟೇಪುವಿಗೆ ಇದು ತೀರಾ ಅನ್ಯಾಯವಾಗಿ ಕಂಡಿತು. ಮೊಣಕೈಯುದ್ದದ ಆಟಿಕೆಗೆ ಒಂದು ಮನೆ ತುಂಬ ಪರದೆಯೇ? ಆದರೆ ಕೇಳಿದರೆ ತನಗೆ ಹೆಲಿಕಾಪ್ಟರಿನ ವ್ಯವಹಾರ ಗೊತ್ತಿಲ್ಲವೆಂದು ಗೊತ್ತಾಗುತ್ತದೆ. "ಅದಕ್ಕೇನಂತೆ," ಎಂದುಬಿಟ್ಟ. ಮಲಗುವ ಕೋಣೆಗೆ ಹೊಲಿದ, ಅಡುಗೆಮನೆಗೆ ಹೊಲಿದ. ಆಮೇಲೆ ಅಂಗಡಿಯವನ ಅತ್ತೆಯವರ ಕೋಣೆ ಬಂತು. ಅವರಿಗೆ ನೀಲಿ ಹಿಡಿಸದೆ, ಬಿಚ್ಚಿ ಹಸಿರು ಹೊಲಿದ. "ಜಿಪುಣ ಕಣೇ ಅವನು," ಎಂದು ಹೆಂಡತಿಯ ಹತ್ತಿರ ಬೆನ್ನು ನೀವಿಕೊಳ್ಳುತ್ತ ದೂರಿದ. "ಇಷ್ಟೇ ಇಷ್ಟು ಹೆಲಿಕಾಪ್ಟರಿಗೆ ಎಷ್ಟು ಹಿಂಡ್ತಾನೆ!" ಅವಳು ಎಣ್ಣೆ ಬಿಸಿ ಮಾಡಿ ಬೆನ್ನಿಗೆ ಹಚ್ಚಿದಳು. ಹಚ್ಚುವಾಗ ಸಣ್ಣಗೆ ಏನನ್ನೋ ಗುನುಗುತ್ತಿದ್ದಳು. ಅವಳು ಗುನುಗದೆ ಬಹಳ ಕಾಲವಾಗಿತ್ತು.

ಕಾರ್ಯದರ್ಶಿಗಳು ಸೈಜು ಕೇಳಿದಾಗ ಟೇಪು ತನ್ನ ಮೊಣಕೈ ತೋರಿಸಿದ. ಅವರು ನಿರಾಶರಾಗಿಯೇ, "ಮೊಣಕೈ ಮೀರದ ಹಾರುವ ಆಟಿಕೆಗೆ ಸಂಘದ ಅಭ್ಯಂತರವಿಲ್ಲ" ಎಂದು ಕೆಳಗಿನ ಫಲಕದಲ್ಲಿ ಅಂಟಿಸಿದರು.

ಡಬ್ಬ ಬಂದದ್ದು ಒಂದು ಶುಕ್ರವಾರ ಸಂಜೆ. ಹೊತ್ತು ತಂದವರು ಇಬ್ಬರು.

ಟೇಪು ಮೂರನೆಯ ಮಹಡಿಯ ಕಟಕಟೆಯಿಂದ ಬಗ್ಗಿ ನೋಡಿ, ಯಾರೋ ಹೊಸ ಫ್ರಿಜ್ ತರಿಸಿದ್ದಾರೆಂದುಕೊಂಡು ಒಳಗೆ ಹೋದ. ಮಗಳು ಬಂದು ಹೇಳಿದಳು, "ಅಪ್ಪಾ, ಕೆಳಗಡೆ ನಿನ್ನ ಹೆಸರು ಹೇಳ್ತಿದ್ದಾರೆ."

ಅವನು ಇಳಿದು ಹೋಗುವ ಹೊತ್ತಿಗೆ ಡಬ್ಬ ಎರಡನೆಯ ಮಹಡಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅದು ಮೇಲೂ ಹೋಗದು, ಕೆಳಗೂ ಬಾರದು. ಮೇಲಿನವರು ಮೇಲೆ, ಕೆಳಗಿನವರು ಕೆಳಗೆ. ಹೊತ್ತು ತಂದವರಲ್ಲಿ ಒಬ್ಬ ಡಬ್ಬದ ಮೇಲ್ಗಡೆ ಉಳಿದು, ಇನ್ನೊಬ್ಬ ಕೆಳಗಡೆ ಉಳಿದು, ಇಬ್ಬರೂ ಪರಸ್ಪರ ಕಾಣದೆ ಜಗಳವಾಡುತ್ತಿದ್ದರು. ಕೆಳಗೆ ಮೆಟ್ಟಿಲ ಮೇಲೆ ಜನ ಸೇರಿದ್ದರು.

"ಯಾರಿಗೇನಾಯ್ತು?" ಎಂದಿತು ಒಂದು ಮುದಿ ದನಿ.

"ಏನೂ ಆಗಿಲ್ಲ ಅಜ್ಜಿ, ಟೇಪು ಹೆಲಿಕಾಪ್ಟರ್ ತರಿಸಿದ್ದಾನೆ."

"ಅಯ್ಯೋ ಪಾಪ, ಒಳ್ಳೇ ಮನುಷ್ಯ ಆಗಿದ್ದ."

ಇಂಥ ಸನ್ನಿವೇಶಕ್ಕೆಂದೇ ಹುಟ್ಟಿದ್ದ ಭಾವಮೈದುನ ಕೆಳಗಿನಿಂದ ಕೂಗಿದ. "ಯಾರೂ ಕೈ ಹಾಕ್ಬೇಡಿ! ನಾನು ಹೇಳ್ತೀನಿ! ರಿವರ್ಸ್... ರಿವರ್ಸ್... ಎಡಕ್ಕೆ ಹೊಡೀರಿ, ಪೂರ್ತಿ ಹೊಡೀರಿ... ಕನ್ನಡಿ ನೋಡ್ಕೊಳ್ರೀ!"

"ಎಲ್ಲಿದೆಯಪ್ಪ ಕನ್ನಡಿ?" ಎಂದ ಮೇಲಿದ್ದ ಕೂಲಿಯವನು ಅಳುವ ದನಿಯಲ್ಲಿ.

ಭಾವಮೈದುನನ ಕಾಲು ಬ್ರೇಕು ಒತ್ತಿತು. ಅದು ಕಾರ್ಯದರ್ಶಿಗಳ ಹೆಬ್ಬೆರಳಿನ ಮೇಲಿತ್ತು.

"ಎಲ್ಲರ ಗಮನಕ್ಕೆ!" ಎಂದು ಕಾರ್ಯದರ್ಶಿಗಳು ಚೀರಿದರು, ಆ ಸಲ ನಿಜವಾಗಿಯೂ ಎಲ್ಲರೂ ಗಮನಿಸಿದರು.

ಕೊನೆಗೆ ಡಬ್ಬವನ್ನು ಅಲ್ಲೇ ಒಡೆದು, ಒಳಗಿನದನ್ನು ಹೊರಗೆಳೆದು, ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತ ಮೂರನೆಯ ಮಹಡಿಗೆ ತಂದರು. ನಡುಮನೆಯ ನೆಲದ ಮೇಲೆ ಇಟ್ಟಾಗ ಅದರ ಮೂತಿ ಅಡುಗೆಮನೆಯ ಹೊಸ್ತಿಲಲ್ಲಿತ್ತು, ಬಾಲ ಮುಂಬಾಗಿಲಿನಾಚೆ ಇಣುಕುತ್ತಿತ್ತು. ರೆಕ್ಕೆಗಳು ಬೇರೆ ಕಟ್ಟಿನಲ್ಲಿದ್ದವು. ಟೇಪು ಒಂದನ್ನು ಅಳೆದ. ಏಳುನೂರು. ಇನ್ನೊಂದನ್ನು ಅಳೆದ. ಅದೂ ಏಳುನೂರು. ರೆಕ್ಕೆಯನ್ನು ತಿರುಗಿಸಿ ನೋಡಿದ, ಬೆರಳಿನಿಂದ ತಡವಿದ, ಸ್ವಲ್ಪ ಬಗ್ಗಿಸಲೂ ನೋಡಿದ. ಆಮೇಲೆ ಫೋನ್ ಎತ್ತಿಕೊಂಡು ಕಿಟಕಿಯ ಹತ್ತಿರ ಹೋದ.

"ಇದರ ನೆರಿಗೆ ಎಲ್ರೀ?"

"ಯಾವ ನೆರಿಗೆ?" ಎಂದ ಅಂಗಡಿಯವನು.

"ಏಳುನೂರು ಹೇಳಿದ್ರೆ ಹಾಕಿದ ಮೇಲೆ ಮುನ್ನೂರೈವತ್ತು ಬರಬೇಕಲ್ಲ?"

"ಸ್ವಾಮಿ, ಏಳುನೂರು ಅಂದ್ರೆ ಒಂದು ರೆಕ್ಕೆ. ಅಂಥವು ಎರಡು. ಎರಡೂ ಸೇರಿ ಅದು ನಿಮ್ಮ ಊಟದ ಮೇಜಿಗಿಂತ ಅಗಲ. ನಾನು ಆವತ್ತೇ ಕೇಳ್ಲಿಲ್ವಾ, ಏಳುನೂರೇನಾ ಅಂತ?" ಟೇಪುವಿನ ಉಸಿರಾಟ ಕೇಳಿ ಅಂಗಡಿಯವನ ಮನಸ್ಸು ಕರಗಿರಬೇಕು. "ಹೋಗ್ಲಿ ಬಿಡಿ, ಗಾಬರಿಯಾಗ್ಬೇಡಿ. ರೆಕ್ಕೆ ಸಿಕ್ಕಿಸದೆ ಹಾಗೇ ವಾಪಸ್ ತನ್ನಿ, ಸಣ್ಣದು ಕೊಡ್ತೀನಿ. ಸ್ಕ್ರೂ ಒಂದು ತಿರುವಿದ್ರೂ ಅದು ಹಳೇ ಮಾಲು, ಆಮೇಲೆ ನನ್ನ ಕೇಳ್ಬೇಡಿ."

ಟೇಪುವಿಗೆ ಹೋದ ಜೀವ ಬಂದಂತಾಯಿತು. ತಿರುಗಿ ನೋಡಿದ. ಭಾವಮೈದುನ ನೆಲದ ಮೇಲೆ ಮಂಡಿಯೂರಿ, ನಾಲಿಗೆ ತುದಿ ಹೊರಗೆ ಚಾಚಿ, ಎರಡನೆಯ ರೆಕ್ಕೆಯ ಕೊನೆಯ ಸ್ಕ್ರೂವನ್ನು ಕೊನೆಯ ಸುತ್ತು ತಿರುಗಿಸುತ್ತಿದ್ದ.

"ಮುಗೀತು ಭಾವ!" ಎಂದು ಕೈ ಒರೆಸಿಕೊಂಡ. "ನೀವು ಮಾತಾಡೋ ಅಷ್ಟರಲ್ಲಿ ನಾನೇ ಫಿಟ್ ಮಾಡ್ಬಿಟ್ಟೆ. ಬಿಗಿ ನೋಡಿ ಹೇಗಿದೆ, ದೇವರು ಬಂದ್ರೂ ಬಿಚ್ಚಲ್ಲ."

ಹೆಂಡತಿ ಬಂದದ್ದು ಆಗ. ಬಾಗಿಲಲ್ಲಿ ಬಾಲ ದಾಟಿ, ರೆಕ್ಕೆಯ ಮೇಲಿಂದ ಕಾಲೆತ್ತಿಟ್ಟು, ಒಳಗೆ ಬಂದಳು. ಬಲಗೈ ಮುಷ್ಟಿ ಮಾಡಿ ರೆಕ್ಕೆಯ ಪಕ್ಕ ಹಿಡಿದು ನೋಡಿದಳು. ಒಂದು ಕಡೆಗೆ ಎರಡು ಮೊಣಕೈ. ಇನ್ನೊಂದು ಕಡೆಗೆ ಎರಡು.

"ನನ್ನ ಕೈ ಎಷ್ಟು ಬಂದಿತ್ತು?"

"ಮುನ್ನೂರೈವತ್ತು," ಎಂದ ಅವನು ಕಿಟಕಿಗೆ.

"ನೀವು ಎಷ್ಟು ಹೇಳಿದ್ರಿ?"

"ಏಳುನೂರು."

ಇಷ್ಟು ವರ್ಷ ಜೊತೆಗೆ ಬಾಳಿದವಳಿಗೆ ಬಿಡಿಸಿ ಹೇಳುವುದು ಬೇಕಿರಲಿಲ್ಲ. "ನೆರಿಗೆಗೆ ಬಿಟ್ರಾ?"

"ಬಿಟ್ಟೆ."

ಅವಳು ಕುರ್ಚಿಯ ಮೇಲೆ ಕುಳಿತುಕೊಂಡಳು. ಮಗಳು ನೀರು ತಂದುಕೊಟ್ಟಳು. ಅವಳು ಅದನ್ನು ಗಂಡನಿಗೆ ಕೊಟ್ಟಳು.

ಸೈಜು ಹೀಗಾದದ್ದೇ ತಡ, ಹೆಲಿಕಾಪ್ಟರಿನ ಒಡೆತನ ತಂತಾನೇ ಸಾರ್ವಜನಿಕವಾಯಿತು. ಸಣ್ಣದಾಗಿದ್ದರೆ ಅದು ಟೇಪುವಿನ ಹೆಂಡತಿಯದು; ದೊಡ್ಡದು, ಆದ್ದರಿಂದ ಗಂಡಸರದು ಎಂಬುದರಲ್ಲಿ ಗಂಡಸರಿಗೆ ಭಿನ್ನಾಭಿಪ್ರಾಯವಿರಲಿಲ್ಲ. "ಅಕ್ಕ, ಇದು ಭಾರೀ ವಾಹನ. ಲೈಸೆನ್ಸ್ ಇರೋರ ಕೆಲಸ," ಎಂದ ತಮ್ಮ. ಕಾರ್ಯದರ್ಶಿಗಳು ಮರುದಿನ ಬೆಳಿಗ್ಗೆ ಫಲಕದಲ್ಲಿ ಮೊಣಕೈಯ ಪ್ರಕಟಣೆ ಕಿತ್ತು ಹೊಸದು ಅಂಟಿಸಿದರು: ಭಾನುವಾರ ಮೈದಾನದಲ್ಲಿ ಹಾರಾಟ, ಉದ್ಘಾಟನಾ ಹಾರಾಟ ಕಾರ್ಯದರ್ಶಿಗಳಿಂದ, ಮಹಿಳೆಯರಿಗೆ ನೋಡಲು ನೆರಳಿನ ವ್ಯವಸ್ಥೆ ಇದೆ.

ಟೇಪು ಅದನ್ನು ಓದಿ, ಸುತ್ತ ನೋಡಿ, ಫಲಕದ ಗಾಜನ್ನು ಟೇಪಿನ ತುದಿಯಿಂದ ಒರೆಸಿ ಮನೆಗೆ ಬಂದ.

"ಓದಿದೆ," ಎಂದಳು ಹೆಂಡತಿ, ಅವನು ಬಾಯಿ ತೆರೆಯುವ ಮೊದಲೇ.

"ಅವರು ಹಿರಿಯರು ಕಣೇ. ಸಂಘದವರು. ಇದನ್ನ ಹೇಗೂ ನೀನು ಹಾರಿಸೋಕೆ ಹೆದರ್ತೀಯ. ಅದಕ್ಕೆ ನಾನು ಏನಂದ್ಕೊಂಡೆ ಅಂದ್ರೆ... ಇದು ಲೆಕ್ಕಕ್ಕಿಲ್ಲ. ಮುಂದಿನದು..."

ಆ ಪದ ಬಾಯಿಂದ ಬಿದ್ದಮೇಲೆ ಅವನಿಗೇ ತಿಳಿಯಿತು, ಬೀಳಬಾರದಿತ್ತೆಂದು. ಮಗಳು ಪುಸ್ತಕದಿಂದ ತಲೆಯೆತ್ತಿದಳು.

"ನೋಟೀಸು ಅಂಟಿಸಿದ್ದು ಅವರು," ಎಂದಳು ಹೆಂಡತಿ. ದನಿ ಏರಲಿಲ್ಲ, ಇಳಿಯಲಿಲ್ಲ. ಕಚೇರಿಯ ಗಾಜಿನ ಹಿಂದಿನಿಂದ ಬರುವ ದನಿ. "ಮಾತು ಕೊಟ್ಟಿದ್ದು ನೀವು. ಇದು ಸಣ್ಣದೋ ದೊಡ್ಡದೋ, ಮುಂದಿನದು ಅಂದ್ರೆ ಇದೇ. ಇದನ್ನ ಇನ್ಯಾರಾದ್ರೂ ಮೊದಲು ಹಾರಿಸಿದ್ರೆ, ಆಮೇಲೆ ನೀವು ನನಗೆ ಯಾವ ಮಾತೂ ಕೊಡ್ಬೇಡಿ. ನಾನೂ ಕೇಳಲ್ಲ."

ಆ ದಿನ ಅವಳು ಗುನುಗಲಿಲ್ಲ.

ಭಾನುವಾರ ಮೈದಾನಕ್ಕೆ ಇಡೀ ಕಟ್ಟಡವೇ ಬಂದಿತ್ತು. ಅಂಗಡಿಯವನೂ ಬ್ಯಾಟರಿ ಚೀಲ ಹೊತ್ತು ಬಂದಿದ್ದ. ಗೇಟಿನಲ್ಲಿ ಕಾವಲುಗಾರ ತಡೆದ.

"ಕ್ರಿಕೆಟ್ಟಾ, ಫುಟ್‌ಬಾಲಾ?"

"ಹೆಲಿಕಾಪ್ಟರು," ಎಂದ ಟೇಪು.

"ಅದಕ್ಕೆ ಇಲ್ಲಿ ಅವಕಾಶ ಇಲ್ಲ. ಎರಡೇ ಇರೋದು. ಯಾವುದು ಹೇಳಿ."

"ಫುಟ್‌ಬಾಲು," ಎಂದರು ಕಾರ್ಯದರ್ಶಿಗಳು, ಕಾನೂನು ಬಲ್ಲವರಾಗಿ. ಕಾವಲುಗಾರ ಹೆಲಿಕಾಪ್ಟರನ್ನು ಮೇಲಿಂದ ಕೆಳಗೆ ನೋಡಿ, ತೃಪ್ತನಾಗಿ, ಗೇಟು ತೆಗೆದ. ಆಟವಿದ್ದರೆ ತಾನೇ ತೀರ್ಪುಗಾರನಾಗಬೇಕೆಂಬುದು ಅವನ ಕೆಲಸದ ಭಾಗವಾಗಿದ್ದುದರಿಂದ ಸೀಟಿ ಕೊರಳಿಗೆ ಹಾಕಿಕೊಂಡು ಹಿಂದೆಯೇ ಬಂದ.

ಮೈದಾನದ ನಡುವೆ ಹೆಲಿಕಾಪ್ಟರ್ ಇಟ್ಟು, ಎಲ್ಲರನ್ನೂ ದೂರ ನಿಲ್ಲಿಸಿ, ಅಂಗಡಿಯವನು ರಿಮೋಟಿನ ಒಂದು ಗುಂಡಿ ಒತ್ತಿದ. ರೆಕ್ಕೆಗಳು ಮೊದಲು ಸೋಮಾರಿಯಾಗಿ ತಿರುಗಿದವು. ಆಮೇಲೆ ಕಾಣದಾದವು. ಹಿಟ್ಟಿನ ಗಿರಣಿ ಎದ್ದು ನಿಂತಂಥ ಸದ್ದು. ಹುಲ್ಲು ಚಪ್ಪಟೆಯಾಯಿತು. ಕಾರ್ಯದರ್ಶಿಗಳ ತಲೆಯ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜೋಪಾನವಾಗಿ ಹಾಸಿಟ್ಟಿದ್ದ ನಾಲ್ಕು ಕೂದಲು ಎದ್ದು ನಿಂತವು.

"ಬನ್ನಿ ಸಾರ್, ಉದ್ಘಾಟನೆ," ಎಂದು ಯಾರೋ ಕರೆದರು.

"ಎಲ್ಲರ ಗಮನಕ್ಕೆ," ಎಂದರು ಕಾರ್ಯದರ್ಶಿಗಳು, ಹಿಂದೆ ಹಿಂದೆ ಹೆಜ್ಜೆಯಿಡುತ್ತ. "ಹುದ್ದೆಯಲ್ಲಿರೋರು ಮುಂದೆ ಬಂದು ಹಾರಿಸೋದು ಸರಿ ಕಾಣಲ್ಲ. ಯುವಕರಿಗೆ ಅವಕಾಶ ಕೊಡೋಣ."

ಯುವಕರೆಲ್ಲ ಭಾವಮೈದುನನ ಕಡೆ ನೋಡಿದರು. ಅವನು ಅದಾಗಲೇ ಬಲ ಭುಜ ಹಿಡಿದುಕೊಂಡಿದ್ದ. "ಆವತ್ತು ಆ ಸ್ಕ್ರೂ ಬಿಗಿ ಮಾಡಿದೆ ನೋಡಿ, ಹಿಡ್ಕೊಂಡುಬಿಟ್ಟಿದೆ. ಜೊತೆಗೆ ಇದರಲ್ಲಿ ನನ್ನ ಕಡೆಗೊಂದು ಬ್ರೇಕ್ ಇಟ್ಟಿಲ್ಲ. ಎರಡು ಬ್ರೇಕ್ ಇಲ್ಲದ ಗಾಡೀಲಿ ಕಲಿಸೋದು ಕಾನೂನಿಗೆ ವಿರುದ್ಧ ಭಾವ."

ಅಂಗಡಿಯವನು ನಕ್ಕ. "ಯಾರೂ ಜಗಳ ಆಡ್ಬೇಡಿ. ಹೊಸ ಯಂತ್ರ, ಮೊದಲ ಹಾರಾಟ ನಾನೇ ಮಾಡ್ಬೇಕು. ಒಂದು ಸುತ್ತು ಹಾರಿಸಿ, ಅಲ್ಲಿ ಇಲ್ಲಿ ಸರಿ ಮಾಡಿ ಕೊಡ್ತೀನಿ. ಆಮೇಲೆ ಯಾರು ಬೇಕಾದ್ರೂ ಹಾರಿಸಿ. ಎಲ್ಲಾ ಕಡೇನೂ ಪದ್ಧತಿ ಅದೇ."

ಇದಕ್ಕಿಂತ ಬುದ್ಧಿವಂತಿಕೆಯ ಮಾತು ಆ ಇಡೀ ವಾರ ಯಾರೂ ಆಡಿರಲಿಲ್ಲ. ಎಲ್ಲರೂ ತಲೆಯಾಡಿಸಿದರು. ಹಾಗೆ ಮಾಡುವುದೇ ಸರಿ ಎಂದು ಕಾವಲುಗಾರನೂ ಒಪ್ಪಿದ.

"ಬೇಡ," ಎಂದ ಟೇಪು.

ಗಿರಣಿಯ ಸದ್ದಿನಲ್ಲಿ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಅವನು ಅಂಗಡಿಯವನ ಎದುರಿಗೆ ಹೋಗಿ ನಿಂತು, ಇನ್ನೊಮ್ಮೆ, ತನ್ನ ಜೀವಮಾನದಲ್ಲಿ ಯಾರ ಮುಂದೆಯೂ ಏರಿಸದಷ್ಟು ದನಿ ಏರಿಸಿ ಹೇಳಿದ: "ಬೇಡ ಅಂದೆ! ಮೊದಲು ಇವಳು!"

"ಏನ್ ಸ್ವಾಮಿ ಹುಡುಗಾಟ? ಇದು ಯಾರನ್ನಾದ್ರೂ ಸೀಳಿಹಾಕುತ್ತೆ!"

"ಸೀಳಲಿ. ನಿಮ್ಮ ಅತ್ತೆಗೆ ನೀಲಿ ಬಿಚ್ಚಿ ಹಸಿರು ಹೊಲಿದಿದ್ದೀನಿ. ರಿಮೋಟ್ ಇವಳಿಗೆ ಕೊಡಿ."

ಹೆಂಡತಿ ಬಂದು ಅವನ ತೋಳು ಹಿಡಿದಳು. "ರೀ, ಅವರೇ ಹಾರಿಸಲಿ ಬಿಡಿ. ಅವರು ಹೇಳೋದು ಸರಿ ಇದೆ. ನಾನೇ ಹೇಳ್ತಿದ್ದೀನಲ್ಲ, ಮಾತಿನಿಂದ ನಿಮ್ಮನ್ನ ಬಿಟ್ಟೆ."

"ನೀನು ಬಿಟ್ರೂ ನಾನು ಬಿಡಲ್ಲ," ಎಂದ ಟೇಪು. ಮಾತು ಉಳಿಸಿಕೊಳ್ಳಲು ಇಷ್ಟು ವರ್ಷಗಳಲ್ಲಿ ಎಷ್ಟೋ ಒಳ್ಳೆಯ ಸಮಯಗಳು ಬಂದುಹೋಗಿದ್ದವು. ಅವನು ಆರಿಸಿಕೊಂಡದ್ದು ಎಲ್ಲಕ್ಕಿಂತ ಕೆಟ್ಟದ್ದನ್ನು.

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಂಗಡಿಯವನ ಕೈಯಿಂದ ರಿಮೋಟ್ ತೆಗೆದುಕೊಂಡಳು.

"ಎಲ್ಲರೂ ಮಲಗಿ!" ಎಂದು ಅಂಗಡಿಯವನು ಕೂಗಿದ, ಮೊದಲು ತಾನು ಮಲಗಿ. ಕಾರ್ಯದರ್ಶಿಗಳು ಪ್ರಕಟಣೆಗೂ ಕಾಯದೆ ಹುಲ್ಲಿಗೆ ಬಿದ್ದರು. ಭುಜದ ನೋವು ಮರೆತು ಭಾವಮೈದುನ ಬಿದ್ದ, ಬಿದ್ದಲ್ಲೇ ಬಲಗಾಲಿನಿಂದ ಮಣ್ಣು ಒತ್ತತೊಡಗಿದ. ಮಕ್ಕಳು ಮರಿ ಮುದುಕಿಯರೆಲ್ಲ ಮಲಗಿದರು. ಟೇಪು ಕೊನೆಯವನಾಗಿ, ಹೆಂಡತಿಯ ಕಾಲ ಬುಡದಲ್ಲಿ ಮಲಗಿದ. ಇಡೀ ಮೈದಾನದಲ್ಲಿ ನಿಂತಿದ್ದವಳು ಅವಳೊಬ್ಬಳೇ.

ಅವಳು ರಿಮೋಟಿನ ಎರಡು ಕಡ್ಡಿಗಳಲ್ಲಿ ಒಂದನ್ನು ಮೆಲ್ಲಗೆ ಮುಂದೆ ತಳ್ಳಿದಳು. ಹೆಲಿಕಾಪ್ಟರ್ ನೆಲ ಬಿಟ್ಟಿತು. ಮೊಣಕಾಲೆತ್ತರ, ಎದೆಯೆತ್ತರ, ಆಮೇಲೆ ದೀಪದ ಕಂಬದೆತ್ತರ. ಅಲ್ಲಿ ಅದು ಗಳಿಗೆ ಹೊತ್ತು ಅಲುಗದೆ ನಿಂತಿತು. ಅವಳೂ ಅಲುಗಲಿಲ್ಲ, ತಲೆಯೆತ್ತಿ ನೋಡುತ್ತಿದ್ದಳು. ಕೆಳಗಿನಿಂದ ಟೇಪುವಿಗೆ ಅವಳ ಗದ್ದ ಮಾತ್ರ ಕಾಣುತ್ತಿತ್ತು. ಅವಳು ನಗುತ್ತಿದ್ದಾಳೆಂದು ಗದ್ದದಿಂದಲೇ ತಿಳಿಯಿತು.

"ರೀ, ಇಳಿಸೋದು ಹೇಗೆ?" ಎಂದಳು.

ಮಲಗಿದವರೆಲ್ಲ ಹುಲ್ಲಿಗೆ ಇನ್ನಷ್ಟು ಅಂಟಿಕೊಂಡರು. ಅವಳು ತಾನೇ ಯೋಚಿಸಿ ಎರಡನೆಯ ಕಡ್ಡಿಯನ್ನು ತಳ್ಳಿದಳು. ಹೆಲಿಕಾಪ್ಟರ್ ಮೂತಿ ತಗ್ಗಿಸಿ, ಮಲಗಿದ್ದವರೆಲ್ಲರ ಬೆನ್ನ ಮೇಲಿನಿಂದ ಹಾದು, ಆ ತುದಿಯ ಗೋಲು ಕಂಬಗಳ ನಡುವೆ ನೇರವಾಗಿ ನುಗ್ಗಿ, ಬಲೆಯನ್ನು ಮೈತುಂಬ ಸುತ್ತಿಕೊಂಡು, ನಾಲ್ಕಾರು ಚೂರಾಗಿ ಬಿತ್ತು.

ಕಾವಲುಗಾರ ಎದ್ದು ಕುಳಿತು, ಸೀಟಿ ಊದಿ, ಗೋಲು ಎಂದು ಕೈ ತೋರಿಸಿದ.

ಅಂಗಡಿಯವನು ಚೂರುಗಳನ್ನು ಆಯಲು ಓಡಿದ. ಟೇಪು ಎದ್ದು ಹೆಂಡತಿಯ ಪಕ್ಕ ನಿಂತು ಮೊಣಕಾಲಿನ ಹುಲ್ಲು ಕೊಡವಿಕೊಂಡ. ಆ ಹೆಲಿಕಾಪ್ಟರನ್ನು ಅವಳಿಗಿಂತ ಮೊದಲು ಯಾರೂ ಹಾರಿಸಿರಲಿಲ್ಲ. ಅವಳ ನಂತರವೂ ಯಾರೂ ಹಾರಿಸಲಿಲ್ಲ. ಅವನು ಕೊಟ್ಟ ಮಾತು ಉಳಿಯಿತು.